ಮೇಲಿನ ಎರಡು ಹಲ್ಲು

ತೊಂಬತ್ತರ ದಶಕದ ಕೊನೆ. ಬಾಣಂತನಕ್ಕೆಂದು ಜೋಗುಪಾಳ್ಯದ ತವರಿಗೆ ಬಂದವಳು, ಮಗಳಿಗೆ ಏಳು ತಿಂಗಳಾದರೂ ಅಲ್ಲೇ ಝಂಡಾ ಊರಿದ್ದೆ. ದಿನಾ ಬೆಳಿಗ್ಗೆ ಅಮ್ಮ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ತೋರುಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಒಸಡು ಒರೆಸುತ್ತಿದ್ದಳು. ಅವತ್ತು ಆ ಬೆರಳು ಮಧ್ಯದಲ್ಲೇ ನಿಂತಿತು. ಬಟ್ಟೆ ಬಿಚ್ಚಿ ಬರಿಬೆರಳಿನಿಂದ ಮತ್ತೊಮ್ಮೆ ಸವರಿದಳು. ಆಮೇಲೆ ಎದ್ದು ಹೋಗಿ ಬೀದಿ ಬಾಗಿಲು ಮುಚ್ಚಿದಳು.

"ಕೆಳಗೆ ಏನೂ ಇಲ್ಲ ಕಣೆ. ಮೇಲೆ ಬಂದ್ಬಿಟ್ಟಿವೆ, ಎರಡು."

ಮೇಲಿನ ಹಲ್ಲು ಮೊದಲು ಬಂದರೆ ಮಗುವಿನ ಸೋದರಮಾವನಿಗೆ ಕೇಡು ಎಂಬ ಮಾತು ನಮ್ಮವರಲ್ಲಿ ಎಲ್ಲರಿಗೂ ಗೊತ್ತು. ನನಗೆ ನಗು ಬಂತು. ಅಮ್ಮ ನಗದೆ ಗೋಡೆಯ ಫೋಟೋ ಕಡೆ ನೋಡಿದಳು. ಅದರಲ್ಲಿರುವುದು ಅಮ್ಮನ ತಮ್ಮ. ನನಗೆ ವರ್ಷ ತುಂಬುವ ಮೊದಲೇ ಹಲಸೂರು ಕೆರೆಗೆ ಈಜಲು ಹೋದವನು ವಾಪಸ್ ಬರಲಿಲ್ಲ.

"ನಿನಗೂ ಮೇಲಿನದೇ ಮೊದಲು ಬಂದಿದ್ದು" ಎಂದಳು.

ಆ ಫೋಟೋದ ಕೆಳಗೆ ಕೂತು ಉಂಡು, ಓದಿ ಬೆಳೆದವಳು ನಾನು. ಇಷ್ಟು ವರ್ಷ ಯಾರೂ ಇದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ನನ್ನ ನಾಲಿಗೆ ತಾನಾಗಿಯೇ ಮೇಲಿನ ಹಲ್ಲುಗಳ ಹಿಂದೆ ಹೋಗಿ ತಡಕಾಡಿತು.

ನನಗಿರುವುದು ಒಬ್ಬನೇ ತಮ್ಮ. ಟಿನ್ ಫ್ಯಾಕ್ಟರಿ ಹತ್ತಿರ ರೂಮು ಮಾಡಿಕೊಂಡಿದ್ದ. ಪ್ರತಿ ಭಾನುವಾರ ಸ್ಕೂಟರಿನಲ್ಲಿ ಬರುತ್ತಿದ್ದ. ಕೆಳಗಿನ ಹಲ್ಲು ಬರುವ ತನಕ ಇವು ಅವನ ಕಣ್ಣಿಗೆ ಬೀಳಬಾರದು ಎಂದು ಅಮ್ಮ ಹಟ ಹಿಡಿದಳು. ಕಲ್ಲುಸಕ್ಕರೆಯನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಸ್ಕೂಟರಿನ ಸದ್ದಾದ ಕೂಡಲೇ ಮಗುವಿನ ಬಾಯಿಗಿಡುತ್ತಿದ್ದಳು. ಓದಿದವಳು ನಾನು ಬೇಡ ಎನ್ನಬಹುದಿತ್ತು. ಗಂಟು ಕಟ್ಟಿಕೊಡುತ್ತಿದ್ದವಳೇ ನಾನು.

ವಿಚಿತ್ರವೆಂದರೆ, ಬೇರೆಯವರನ್ನು ಕಂಡರೆ ಮುಖ ಊದಿಸಿಕೊಳ್ಳುತ್ತಿದ್ದ ಮಗು ಅವನ ಹೆಜ್ಜೆ ಸಪ್ಪಳಕ್ಕೇ ಬಾಯಗಲಿಸುತ್ತಿತ್ತು. ಗಂಟು ಜಾರುತ್ತಿತ್ತು, ಅಮ್ಮ ಸೆರಗು ಅಡ್ಡ ಹಿಡಿಯುತ್ತಿದ್ದಳು. ಒಂದು ಭಾನುವಾರ ಅವನ ಹೆಗಲ ಮೇಲಿದ್ದ ಮಗು, ಅವನ ಬೆನ್ನ ಹಿಂದಿದ್ದ ಫೋಟೋ ನೋಡಿ ಎರಡೂ ಹಲ್ಲು ಕಾಣುವ ಹಾಗೆ ನಕ್ಕಿತು. ಅಮ್ಮ ಅಡುಗೆಮನೆಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಅಷ್ಟರಲ್ಲಿ ತಮ್ಮ ಸ್ಕೂಟರ್ ಬಿಟ್ಟು ಬಸ್ಸಿನಲ್ಲಿ ಬರತೊಡಗಿದ. ರಿಪೇರಿ ಎಂದ. ಈಗ ಸದ್ದಿನ ಸುಳಿವೂ ಇಲ್ಲ, ಹಾಗಾಗಿ ಗಂಟು ಬೆಳಗಿನಿಂದಲೇ ಬಾಯಲ್ಲಿರುತ್ತಿತ್ತು. ಆಮೇಲೆ ಮಗುವೇ ದಿನಾ ಅದಕ್ಕೆ ಅಳತೊಡಗಿತು. ಒರೆಸುವಾಗಲೂ ಅಮ್ಮನ ಬೆರಳು ಆ ಎರಡು ಹಲ್ಲಿನ ಹತ್ತಿರ ಸುಳಿಯುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಅವನ್ನು ಮುಟ್ಟಲು ಭಯವಾಗುತ್ತಿತ್ತು.

ಹತ್ತನೇ ತಿಂಗಳಲ್ಲಿ ಕೆಳಗಿನವು ಬಂದವು. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಗಂಟಿನ ಚಟ ಮಾತ್ರ ಬಿಡಲಿಲ್ಲ. ಒಂದೂವರೆ ವರ್ಷಕ್ಕೆ ಮೇಲಿನ ಎರಡೂ ಕಂದುಗಟ್ಟಿ, ಸೀದ ಅಕ್ಕಿಯ ಹಾಗೆ ಕಪ್ಪಾಗಿ, ಚೂರುಚೂರೇ ಉದುರತೊಡಗಿದವು.

ಇಂದಿರಾನಗರದ ಹಲ್ಲಿನ ಡಾಕ್ಟರ ಹತ್ತಿರ ತಮ್ಮನೇ ಕರೆದುಕೊಂಡು ಹೋದ, ಆಟೋದಲ್ಲಿ. ಡಾಕ್ಟರಮ್ಮ ಮಗುವಿನ ತುಟಿ ಎತ್ತಿ ನೋಡಿ, "ಬೇರೆ ಹಲ್ಲೆಲ್ಲ ಒರೆಸಿದ್ದೀರ. ಇವೆರಡನ್ನ ಯಾಕ್ರೀ ಬಿಟ್ರಿ?" ಎಂದರು. ತಮ್ಮನ ಎದುರಿಗೇ ಎಲ್ಲ ಹೇಳಿಬಿಟ್ಟೆ. ನಾಚಿಕೆಯಿಂದ ಕುಗ್ಗಿಹೋದೆ.

"ನಂಗೊತ್ತು ಅಕ್ಕಾ" ಎಂದ ತಮ್ಮ. "ಮೊದಲನೇ ಭಾನುವಾರನೇ ನೋಡ್ದೆ. ಅಮ್ಮ ಹೆದರ್ಕೊಂಡಿದ್ಲು, ಅದಕ್ಕೆ ಸುಮ್ನಿದ್ದೆ."

"ಸ್ಕೂಟರ್ ಬಿಟ್ಟಿದ್ದು?"

"ಹತ್ತಿದ್ರೆ ಕಾಲು ನಡುಗ್ತಿತ್ತು."

ಎರಡೂ ಹಲ್ಲನ್ನು ತೆಗೆಸಬೇಕಾಯಿತು. ಮನೆಗೆ ಬಂದವಳಿಗೆ ಸಿಟ್ಟು ನೆತ್ತಿಗೇರಿತ್ತು. ಮಗುವನ್ನು ಅಮ್ಮನ ಮಡಿಲಿಗೆ ಹಾಕಿ, ಫೋಟೋ ತೋರಿಸಿ ಕೇಳಿದೆ: "ಇವನಿಗೂ ಗೊತ್ತಿತ್ತಾ, ನನ್ನ ಹಲ್ಲಿನ ವಿಷಯ?"

ಅಮ್ಮ ಮಗುವಿನ ಊದಿದ ತುಟಿಯನ್ನೇ ನೋಡುತ್ತಿದ್ದಳು.

"ಅವನ ಬೆರಳು ಹಿಡ್ಕೊಂಡು ನಾನೇ ನಿನ್ನ ಬಾಯೊಳಗೆ ಇಟ್ಟೆ. ಹಲ್ಲು ಬಂದಿದೆ ನೋಡೋ ಅಂತ. ಖುಷಿಗೆ ಕಣೆ."