ಲೈಟ್ ನೋಡಲು ತೆಗೆದ ಫೋಟೋ

ಹುಣಸೂರಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಮುಂದೆ ಓದಲಿಲ್ಲ, ಕ್ಯಾಮೆರಾ ಹಿಡಿದೆ. ಮದುವೆ, ನಾಮಕರಣ, ಅರ್ಜಿಗೆ ಅಂಟಿಸುವ ಸಣ್ಣ ಫೋಟೋ, ತೀರಿಕೊಂಡವರಿಗೆ ಹಾರ ಹಾಕುವ ದೊಡ್ಡ ಫೋಟೋ. ಇದರ ಜೊತೆಗೆ ಪೊಲೀಸರು ಕರೆದಾಗ ಮಹಜರಿಗೂ ಹೋಗುತ್ತಿದ್ದೆ. ಅಪಘಾತವೋ ಕಳ್ಳತನವೋ ನಡೆದ ಜಾಗದಲ್ಲಿ ಅವರು ಸಾಕ್ಷಿಗೆ ಪಂಚರನ್ನು ನಿಲ್ಲಿಸಿಕೊಂಡು ಬರೆಯುವಾಗ ಫೋಟೋ ತೆಗೆಯುವುದು, ಮುಂದೆ ಎಂದಾದರೂ ಕೋರ್ಟಿನಲ್ಲಿ ‘ಇದು ನಾನೇ ತೆಗೆದದ್ದು’ ಎಂದು ಹೇಳುವುದು. ಅಷ್ಟೇ ಕೆಲಸ.

ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ಆರತಕ್ಷತೆಗೆ ಹೆಣ್ಣು ಗಂಡು ಬರುವ ಮೊದಲು ನಾವು ವೇದಿಕೆಯಲ್ಲಿ ಲೈಟ್ ನೋಡುತ್ತೇವೆ. ಖಾಲಿ ಸೋಫಾಕ್ಕೆ ಫ್ಲಾಶ್ ಹೊಡೆದರೆ ಮುಖದ ಮೇಲೆ ಬೆಳಕು ಹೇಗೆ ಬೀಳುತ್ತದೆಂದು ಗೊತ್ತಾಗುವುದಿಲ್ಲ. ಅದಕ್ಕೆ ಹೂವಿನವರನ್ನೋ, ಸೀರಿಯಲ್ ಸೆಟ್ ಕಟ್ಟುವವರನ್ನೋ ಗಂಡಿನ ಜಾಗದಲ್ಲಿ ಕೂರಿಸಿ ಒಂದೆರಡು ತೆಗೆಯುತ್ತೇವೆ. ಆಲ್ಬಂ ಮಾಡುವಾಗ ಮೊದಲು ಅಳಿಸುವುದು ಅವನ್ನೇ. ಮದುವೆಯವರು ಅವನ್ನು ನೋಡುವುದೂ ಇಲ್ಲ.

ನಾನು ಹೇಳಬೇಕಾಗಿರುವುದು ಅಂಥ ಒಂದು ಫೋಟೋದ ವಿಷಯ.

ನನ್ನ ಪಕ್ಕದ ಅಂಗಡಿ ಕುಶನ್ ಕೆಲಸದ್ದು. ಅದನ್ನು ನಡೆಸುವ ಸಾಬರು ನನಗಿಂತ ಸ್ವಲ್ಪ ಚಿಕ್ಕವರು, ನನ್ನನ್ನು ಅಣ್ಣ ಎನ್ನುತ್ತಾರೆ. ಅವರಿಗೆ ಒಬ್ಬನೇ ಮಗ. ಕೈಕೆಲಸ ಅಪ್ಪನಿಗಿಂತ ಚೊಕ್ಕ. ಮದುವೆಗೆ ಬಾಡಿಗೆ ಕೊಡುವ ಸೋಫಾಗಳನ್ನು ಅವನೇ ಹೊಲಿದು ಅವನೇ ಮಂಟಪಕ್ಕೆ ಸಾಗಿಸುತ್ತಿದ್ದ. ಆ ಮಧ್ಯಾಹ್ನ ಹುಣಸೂರಿನಿಂದ ಹತ್ತಾರು ಕಿಲೋಮೀಟರ್ ಆಚೆಯ ಬಿಳಿಕೆರೆಯ ಮಂಟಪಕ್ಕೆ ಸೋಫಾ ತಂದಿದ್ದ. ನಾನು ಲೈಟ್ ನಿಲ್ಲಿಸಿ ಕರೆದೆ.

“ಬಾರ್ಲಾ, ಗಂಡಿನ ಜಾಗದಲ್ಲಿ ಕೂತ್ಕೋ.”

“ನಂಗೆ ಹೆಣ್ಣೇ ಸಿಕ್ಕಿಲ್ಲ, ಅಂಕಲ್.”

“ಮೊದ್ಲು ಸೋಫಾ ಸರಿಯಾಗಿ ಅದಾ ನೋಡು, ಹೆಣ್ಣು ಆಮ್ಯಾಕೆ ನೋಡೀವಂತೆ.”

ಎರಡು ಕೈಯನ್ನೂ ಮಂಡಿಯ ಮೇಲಿಟ್ಟುಕೊಂಡು ಗಂಭೀರವಾಗಿ ಕೂತ. ತೆಗೆದೆ.

ಸರಿಯಾಗಿ ಅದೇ ಹೊತ್ತಿಗೆ ಹುಣಸೂರಿನಲ್ಲಿ ನಮ್ಮ ಪಕ್ಷದ ಮುಖಂಡರ ಮೆರವಣಿಗೆಗೆ ಕಲ್ಲು ಬಿತ್ತು. ಅವರ ತಲೆ ಒಡೆದು ಮೈಸೂರಿನ ಆಸ್ಪತ್ರೆಗೆ ಸಾಗಿಸಿದರು. ಜೀಪಿಗೆ ಬೆಂಕಿ ಬಿತ್ತು. ಸಂಜೆಯ ಹೊತ್ತಿಗೆ ಟಿವಿಯವರೆಲ್ಲ ನಮ್ಮೂರಿಗೆ ಬಂದಿದ್ದರು. ಆಗ ಸರ್ಕಾರ ನಮ್ಮ ಪಕ್ಷದ್ದು. ‘ನಮ್ಮ’ ಎಂದು ಬೇಕೆಂದೇ ಬರೆಯುತ್ತಿದ್ದೇನೆ. ನಾನು ಪಕ್ಷದಲ್ಲಿ ದೊಡ್ಡ ಮನುಷ್ಯನಲ್ಲ. ಆದರೆ ಅವರ ಸಭೆಗಳ ಫೋಟೋ ನಾನೇ ತೆಗೆಯುತ್ತಿದ್ದೆ, ಸಭೆಯಲ್ಲಿ ಕೂಗುತ್ತಲೂ ಇದ್ದೆ.

ಮಾರನೇ ಬೆಳಿಗ್ಗೆ ಮಹಜರಿಗೆ ಕರೆ ಬಂತು. ಸುಟ್ಟ ಜೀಪು, ಗಾಜಿನ ಚೂರು, ಒಂಟಿ ಚಪ್ಪಲಿಗಳು. ತನಿಖೆಗೆ ಮೇಲಿನಿಂದ ಬೇರೆ ಅಧಿಕಾರಿಯನ್ನು ಹಾಕಿದ್ದರು. ಪ್ರಿಂಟ್ ಕೊಡಲು ಅವರು ಇಳಿದುಕೊಂಡಿದ್ದ ಪ್ರವಾಸಿ ಮಂದಿರಕ್ಕೆ ಹೋದಾಗ ಅಧಿಕಾರಿಯ ಸುತ್ತ ನಮ್ಮ ಪಕ್ಷದವರೇ ಕೂತಿದ್ದರು. ಯಾರು ಯಾರಿದ್ದರೆಂದು ಅವರು ಹೇಳುತ್ತಿದ್ದರು, ಪೊಲೀಸರು ಬರೆದುಕೊಳ್ಳುತ್ತಿದ್ದರು. ನನಗೂ ಒಂದು ಕುರ್ಚಿ ಹಾಕಿ ಕಾಫಿ ಕೊಟ್ಟರು.

ಅವರಲ್ಲೊಬ್ಬ ಹೇಳಿದ, “ಆ ಕುಶನ್ ಅಂಗಡಿ ಹುಡ್ಗನೂ ಇದ್ದ ಸಾರ್. ನಾನೇ ಕಣ್ಣಾರೆ ನೋಡಿವ್ನಿ.”

ಅಧಿಕಾರಿ ಅನುಮಾನ ತೋರಿಸಲಿಲ್ಲವೆಂದೇನೂ ಅಲ್ಲ. ತಲೆ ಎತ್ತಿ ಕೇಳಿದರು, “ಅವನು ಯಾವ ಪಾರ್ಟಿ?”

“ಅವ್ರೆಲ್ಲಾ ಆ ಕಡೆಯವ್ರೇ ಬುಡಿ ಸಾರ್.”

ಆ ಹುಡುಗ ಯಾವ ಪಕ್ಷದವನೂ ಅಲ್ಲವೆಂದು ನನಗೆ ಗೊತ್ತಿತ್ತು. ಅವನು ಎಲ್ಲಿದ್ದನೆಂಬುದಂತೂ ಚೆನ್ನಾಗಿ ಗೊತ್ತಿತ್ತು. ಹೆಗಲಿಗೆ ನೇತುಹಾಕಿದ್ದ ಕ್ಯಾಮೆರಾದಲ್ಲಿ ಆ ಫೋಟೋ ಇದ್ದ ಮೆಮೊರಿ ಕಾರ್ಡು ಹಾಗೇ ಇತ್ತು. ಬಾಯಿ ತೆರೆದರೆ ಅಲ್ಲಿದ್ದವರೆಲ್ಲ ನನ್ನ ಕಡೆ ತಿರುಗುತ್ತಿದ್ದರು. ಭಯಪಟ್ಟೆ ಎಂದು ಬರೆದರೆ ಪಾಪ ಸ್ವಲ್ಪ ಹಗುರವಾದೀತು. ಬರೀ ಭಯವಲ್ಲ. ನಮ್ಮ ಮುಖಂಡರ ತಲೆ ಒಡೆದಿದ್ದಾರೆ, ಯಾರಾದರೂ ಒಳಗೆ ಹೋಗಲಿ ಎಂಬ ಸಿಟ್ಟು ನನಗೂ ಇತ್ತು. ಕಾಫಿ ಕುಡಿದು ಎದ್ದು ಬಂದೆ.

ಹುಡುಗನನ್ನು ಅಂಗಡಿಯಿಂದಲೇ ಎತ್ತಿಕೊಂಡು ಹೋದರು. ಅವನು ಫೋನನ್ನು ಅಂಗಡಿಯಲ್ಲೇ ಚಾರ್ಜಿಗೆ ಹಾಕಿ ಬಿಳಿಕೆರೆಗೆ ಬಂದಿದ್ದನಂತೆ. ಟವರ್ ಲೆಕ್ಕದಲ್ಲಿ ಅವನು ಹುಣಸೂರಿನಲ್ಲೇ ಇದ್ದ. ಜೊತೆಗಿದ್ದ ಗೂಡ್ಸ್ ಆಟೋದವನು ಅವನ ಸೋದರಮಾವ. ಅವನ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮದುವೆಯವರನ್ನು ಕೇಳಿದರೆ, ಸೋಫಾ ಯಾರು ತಂದರೆಂದು ನಾವೇನು ನೋಡಿದ್ದೆವಾ ಎಂದರು.

ಎರಡು ದಿನ ಬಿಟ್ಟು ಅವನ ಅಪ್ಪ ಸ್ಟುಡಿಯೋಗೆ ಬಂದರು. ಸ್ಟೂಲ್ ತೋರಿಸಿದರೂ ಕೂರಲಿಲ್ಲ.

“ಅಣ್ಣ, ಮಗ ಸ್ಟೇಷನ್ನಲ್ಲಿ ಹೇಳ್ದ. ನೀವು ಅವನ್ನ ಗಂಡಿನ ಸೋಫಾದ ಮ್ಯಾಲೆ ಕೂರ್ಸಿ ಫೋಟೋ ತೆಗುದ್ರಂತೆ. ಟೈಮೂ ಇರ್ತದಂತಲ್ಲ ಅದ್ರಲ್ಲಿ.”

“ಅವನ್ನೆಲ್ಲ ಅಲ್ಲೇ ಅಳಿಸ್ಬುಡ್ತೀವಿ, ಸಾಬ್ರೆ. ಕಾರ್ಡಲ್ಲಿ ಜಾಗ ಇರೋಕಿಲ್ಲ.”

“ಇನ್ನೊಂದ್ ಸಲ ನೋಡಿ ಅಣ್ಣ. ನಾನ್ ಬೇಕಾದ್ರೆ ಇಲ್ಲೇ ನಿಂತಿರ್ತೀನಿ.”

“ಇದ್ದಿದ್ರೆ ಕೊಡ್ತಿರ್ಲಿಲ್ವಾ? ನನ್ ಕಣ್ಮುಂದೆ ಬೆಳ್ದ ಹುಡ್ಗ ಕಣ್ರೀ ಅವನು.”

ಅವರು ನಂಬಿದರು. “ಅದೂ ಸರಿ,” ಎಂದು ನನಗೇ ಸಮಾಧಾನ ಹೇಳುವವರಂತೆ ಹೇಳಿ ಹೋದರು. ಅವರು ಹೋದ ಮೇಲೆ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದೆ. ಫೋಟೋ ಇತ್ತು. ಚೆನ್ನಾಗಿಯೂ ಬಂದಿತ್ತು. ಮದುವೆಯ ಫೋಟೋಗಳನ್ನು ಬೇರೆ ಕಡೆ ತೆಗೆದಿಟ್ಟು ಕಾರ್ಡನ್ನು ಪೂರ್ತಿ ಅಳಿಸಿದೆ. ಮೊದಲು ಸುಳ್ಳು ಹೇಳಿದೆ, ಆಮೇಲೆ ಅದನ್ನೇ ನಿಜ ಮಾಡಿದೆ. ಆ ವಾರವೇ ಪಿರಿಯಾಪಟ್ಟಣದ ಒಂದು ಮದುವೆ ಅದೇ ಕಾರ್ಡಿನಲ್ಲಿ ತುಂಬಿತು. ಆಮೇಲೆ ರಾವಂದೂರಿನದು, ಆಮೇಲೆ ಇನ್ನೊಂದು.

ಹುಡುಗ ಕೆಲವು ತಿಂಗಳು ಒಳಗಿದ್ದು ಜಾಮೀನಿನ ಮೇಲೆ ಬಂದ. ಅವನ ಮದುವೆಗೆ ಕೆ.ಆರ್. ನಗರದಲ್ಲಿ ಒಂದು ಹೆಣ್ಣು ಮಾತಾಗಿತ್ತು. ಆ ಮಾತು ಮುರಿಯಿತು. ವಾಯಿದೆಯ ದಿನ ಕೋರ್ಟಿಗೆ, ಉಳಿದ ದಿನ ಅಂಗಡಿಗೆ. ಎದುರು ಸಿಕ್ಕಿದರೆ “ಚೆನ್ನಾಗಿದ್ದೀರಾ ಅಂಕಲ್” ಎಂದು ಎಂದಿನಂತೆ ಕೇಳುತ್ತಿದ್ದ.

ಚುನಾವಣೆ ಬಂತು, ಸರ್ಕಾರ ಬದಲಾಯಿತು. ಕೋರ್ಟಿನ ಸರ್ಕಾರಿ ವಕೀಲರೂ ಬದಲಾದರು. ಹೊಸ ಸರ್ಕಾರ ತನ್ನ ಕಾರ್ಯಕರ್ತರ ಮೇಲಿದ್ದ ಕೇಸನ್ನು ವಾಪಸ್ ತೆಗೆದುಕೊಳ್ಳುತ್ತೇವೆಂದಿತು, ಕೋರ್ಟು ಒಪ್ಪಿತು. ನಮ್ಮ ಪಕ್ಷದವರು ತಾಲೂಕು ಕಚೇರಿ ಮುಂದೆ ಧರಣಿ ಕೂತು, ಪೊಲೀಸರೂ ವಕೀಲರೂ ಆಳುವ ಪಕ್ಷದ ಕೈಗೊಂಬೆಗಳೆಂದು ಧಿಕ್ಕಾರ ಕೂಗಿದರು. ಹಿಂದಿನ ವರ್ಷ ಆ ಕಡೆಯವರು ಕೂಗಿದ್ದೂ ಇದನ್ನೇ. ನಾನೂ ಕೂತಿದ್ದೆ, ನಾನೂ ಕೂಗಿದೆ. ಪ್ರವಾಸಿ ಮಂದಿರದಲ್ಲಿ ಕಾಫಿ ಕುಡಿದ ಬಾಯಿ ಅದು.

ಕಲ್ಲು ಹೊಡೆದವರು ಹಾಗೆ ಹೊರಗೆ ಬಂದರು. ಕೇಸು ಉಳಿದದ್ದು ಯಾವ ಪಕ್ಷವೂ ತನ್ನವರೆನ್ನದ ಕೆಲವರ ಮೇಲೆ. ನಮ್ಮವರಿಗೆ ಹುಡುಗ ಆ ಕಡೆಯವನು. ಆ ಕಡೆಯವರ ಹತ್ತಿರ ಅವನ ಅಪ್ಪ ಹೋಗಿ ಬೇಡಿಕೊಂಡಾಗ ಅವರು ಕೇಳಿದರಂತೆ, “ನಮ್ ಯಾವ್ ಸಭೆಗಾದ್ರೂ ಬಂದಿದ್ನಾ ನಿಮ್ಮ ಹುಡ್ಗ?”

ಸಾಕ್ಷಿ ಹೇಳಲು ನನ್ನನ್ನು ಕರೆದರು. ಜೀಪಿನ ಫೋಟೋಗಳು ನನ್ನವೇ ಎಂದೆ. ಹುಡುಗನ ಪರ ವಕೀಲರು ಎದ್ದು, ಆವತ್ತು ಮಧ್ಯಾಹ್ನ ಬಿಳಿಕೆರೆಯ ಮಂಟಪದಲ್ಲಿ ಇವನನ್ನು ನೋಡಿದಿರಾ ಎಂದು ಕೇಳಿದರು. ಹುಡುಗ ಹಿಂದಿನ ಬೆಂಚಿನ ಬಳಿ ಕೈಕಟ್ಟಿ ನಿಂತಿದ್ದ. ನಿಜ ಹೇಳಿದರೆ ಫೋಟೋ ಎಲ್ಲಿ ಎಂದು ಕೇಳುತ್ತಾರೆ, ಅಲ್ಲಿಂದ ಎಲ್ಲವೂ ಹೊರಗೆ ಬರುತ್ತದೆ.

“ಗಮನಿಸಲಿಲ್ಲ ಸ್ವಾಮಿ,” ಎಂದೆ.

ಶಿಕ್ಷೆಯಾಯಿತು.

ತೀರ್ಪಿನ ದಿನ ಪಕ್ಕದ ಅಂಗಡಿಯ ಬಾಗಿಲು ಹಾಕಿತ್ತು. ಹಿಂದೆ ನನ್ನನ್ನು ಹಿಡಿದಿಟ್ಟ ಸಿಟ್ಟೂ ಭಯವೂ ಅವತ್ತು ನನ್ನೊಳಗೆ ಹುಡುಕಿದರೂ ಸಿಗಲಿಲ್ಲ. ಮಾರನೇ ದಿನ ಸರ್ಕಾರಿ ವಕೀಲರ ಕಚೇರಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಫೈಲಿನಿಂದ ತಲೆ ಎತ್ತದೆ ಕೇಳಿಸಿಕೊಂಡರು.

“ಎಲೆಕ್ಷನ್ ಆದ್ಮೇಲೆ ಜ್ಞಾಪಕ ಬಂತೇನ್ರಿ?”

“ಜ್ಞಾಪಕ ಮೊದ್ಲಿಂದ್ಲೂ ಇತ್ತು ಸ್ವಾಮಿ.”

“ನೀವು ಆ ಪಾರ್ಟಿಯವ್ರು ಅಂತ ಊರಿಗೇ ಗೊತ್ತು. ಈಗ ತನಿಖೆ ಸುಳ್ಳು ಅಂತ ಬರೆಸಿ ಯಾರ ಮೇಲೆ ಎತ್ತಿಕಟ್ಬೇಕು ಅಂತ ಕಳ್ಸಿದ್ದಾರೆ ನಿಮ್ಮನ್ನ?”

ಯಾರೂ ಕಳಿಸಿಲ್ಲ ಎಂದೆ. ಅವರು ನಕ್ಕರು. ಅವರು ಕೆಟ್ಟವರೆಂದು ನಾನು ಹೇಳಲಾರೆ. ಈ ಊರಿನಲ್ಲಿ ಯಾರೂ ಕಳಿಸದೆ ಯಾರೂ ಬರುವುದಿಲ್ಲ ಎಂಬುದನ್ನು ಅವರೂ ನನ್ನಂತೆಯೇ ಕಂಡವರು.

ಅಲ್ಲಿಂದ ಹುಡುಗನ ಪರ ವಕೀಲರ ಬಳಿ ಹೋದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, “ಫೋಟೋ ಇದ್ಯಾ?” ಎಂದರು. ಕಾರ್ಡನ್ನು ಕಂಪ್ಯೂಟರ್ ರಿಪೇರಿಯವರಿಗೆ ಕೊಟ್ಟು ನೋಡಿಸಿದ್ದೆ. ಅಷ್ಟು ಮದುವೆ ತುಂಬಿದ ಮೇಲೆ ಏನೂ ಸಿಗುವುದಿಲ್ಲ ಎಂದಿದ್ದರು. “ಕಟಕಟೆಯಲ್ಲಿ ಆಣೆ ಮಾಡಿ ಗಮನಿಸಲಿಲ್ಲ ಅಂದ್ರಿ. ಈಗ ನೋಡಿದೆ ಅಂತೀರಿ. ಎರಡರಲ್ಲಿ ಯಾವುದು ಸುಳ್ಳು ಅಂತ ಕೇಳ್ತಾರೆ, ಕೈಯಲ್ಲಿ ಏನೂ ಇಲ್ಲ. ಅಪೀಲಿಗೆ ಹಾಕಿ ನೋಡ್ತೀನಿ, ಆಸೆ ಇಟ್ಕೋಬೇಡಿ,” ಎಂದರು. ಅವರು ಬರೆಸಿದ್ದಕ್ಕೆ ರುಜು ಹಾಕಿದೆ. ಅಪೀಲು ಇನ್ನೂ ವಿಚಾರಣೆಗೆ ಬಂದಿಲ್ಲ.

ಕೊನೆಗೆ ಪಕ್ಕದ ಅಂಗಡಿಗೆ ಹೋದೆ. ಸಾಬರು ನೆಲದ ಮೇಲೆ ಕೂತು ಬೈಕಿನ ಸೀಟಿಗೆ ರೆಕ್ಸಿನ್ ಎಳೆದು ಮೊಳೆ ಹೊಡೆಯುತ್ತಿದ್ದರು. ನಾನು ನಿಂತೇ ಹೇಳಿದೆ. ಕಾರ್ಡಿನ ವಿಷಯಕ್ಕೆ ಬಂದಾಗ ಅವರ ಸುತ್ತಿಗೆ ನಿಂತಿತು. ಬಯ್ಯುತ್ತಾರೆಂದು ಕಾದೆ. ಅದಕ್ಕೆಂದೇ ಹೋಗಿದ್ದೆನೋ ಏನೋ.

“ಈ ಮಾತ್ನ ನನ್ ಮಗನ್ಗೆ ಹೇಳ್ಬೇಡಿ,” ಎಂದರು.

“ಅವನ ಕಾಲಿಗೆ ಬೀಳ್ಬೇಕು ಅಂತ ಇದ್ದೆ.”

“ಬ್ಯಾಡ. ಪ್ರತಿ ಸಲ ಹೋದಾಗ್ಲೂ ಅವ್ನು ಅದೇ ಹೇಳೋದು. ಫೋಟೋ ಇದ್ದಿದ್ರೆ ಅಂಕಲ್ ಕೊಡೋರು ಅಬ್ಬಾ, ನನ್ ನಸೀಬು ಅಂತ. ಜನದ ಮ್ಯಾಲೆ ಅಷ್ಟಾದ್ರೂ ನಂಬ್ಕೆ ಇಟ್ಕೊಂಡವ್ನೆ. ಅದುನ್ನೂ ಕಿತ್ಕೊಂಡು ನೀವೇನ್ ಮಾಡ್ತೀರಿ?”

ಮತ್ತೆ ಸುತ್ತಿಗೆ ಎತ್ತಿಕೊಂಡರು. ಈ ಸಲ ಅವರು ಅಣ್ಣ ಎನ್ನಲಿಲ್ಲ.

ಈಗ ಅವರು ಮಗನನ್ನು ನೋಡಲು ಮೈಸೂರಿನ ಜೈಲಿಗೆ ಹೋಗಿ ಬಂದ ದಿನ ನಾನು ಸ್ಟುಡಿಯೋದ ಶಟರ್ ಅರ್ಧ ಇಳಿಸಿಕೊಂಡು ಒಳಗೆ ಕೂರುತ್ತೇನೆ. ಕಳೆದ ಸಲ ಅವರು ಶಟರಿನ ಕೆಳಗೆ ಬಗ್ಗಿ, ಒಳಗೆ ಬರದೆ, “ಅಂಕಲ್ ಚೆನ್ನಾಗವ್ರಾ ಅಂತ ಕೇಳ್ದ ನಿಮ್ಮನ್ನ,” ಎಂದಷ್ಟೇ ಹೇಳಿ ಹೋದರು.