ಮೊದಲ ಬಾಗಿಲು ದಾಟದವನ ಅಭಿಪ್ರಾಯ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾವ ಹಾರರ್ ಗೇಮಿನ ಬಗ್ಗೆ ನಾನು ಸಿಕ್ಕಸಿಕ್ಕವರಿಗೆಲ್ಲ ಭಾಷಣ ಬಿಗಿಯುತ್ತಿದ್ದೆನೋ, ಅದರ ಮೊದಲ ಬಾಗಿಲನ್ನೇ ನಾನು ದಾಟಿರಲಿಲ್ಲ. ಬಾಗಿಲಿನಾಚೆ ಏನಿದೆ ಎಂದು ಯಾರಾದರೂ ಕೇಳಿದರೆ, "ಹೇಳಿದ್ರೆ ಮಜಾ ಹೋಗ್ತದೆ" ಎಂದು ಕಣ್ಣು ಕಿರಿದು ಮಾಡುತ್ತಿದ್ದೆ. ಅದು ಪೂರ್ತಿ ಸುಳ್ಳೂ ಅಲ್ಲ. ಮಜಾ ಹೋಗುತ್ತಿದ್ದದ್ದು ಖಂಡಿತ, ನನ್ನದು.

ನಾಸಿಕ್‌ನಲ್ಲಿ ನಮ್ಮ ಮನೆ ಇರುವುದು ನಮ್ಮದೇ ಹೋಟೆಲಿನ ಅಡುಗೆಮನೆಯ ಮೇಲೆ. ಅಪ್ಪ ಕೆಳಗೆ ಗಲ್ಲೆಯಲ್ಲಿ, ದುಡ್ಡಿನ ಪೆಟ್ಟಿಗೆಯ ಮುಂದೆ ಕೂರುತ್ತಾರೆ, ನಾನು ಮೇಲೆ ಟಿವಿಯ ಮುಂದೆ ಕೂರುತ್ತೇನೆ. ಡಿಗ್ರಿ ಮುಗಿಸಿದ ಮಗ ಏನು ಮಾಡುತ್ತಿದ್ದಾನೆ ಎಂದು ಗಿರಾಕಿಗಳು ಕೇಳಿದರೆ ಅಪ್ಪ ಚಿಲ್ಲರೆ ಹುಡುಕತೊಡಗುತ್ತಾರೆ. ನನ್ನನ್ನು ಕೇಳಿದರೆ ನಾನೂ ಅದನ್ನೇ ಮಾಡುತ್ತಿದ್ದೆ, ಆದರೆ ನನ್ನ ಜೇಬಿನಲ್ಲಿ ಚಿಲ್ಲರೆಯೂ ಇಲ್ಲ.

ಇರುವುದು ಒಂದೇ ವಿದ್ಯೆ. ಯಾರ ದನಿಯನ್ನಾದರೂ ಸ್ವಲ್ಪ ಹೊತ್ತು ಕೇಳಿದೆನೆಂದರೆ ಅದು ನನ್ನ ಬಾಯಿಂದ ಹೊರಗೆ ಬರುತ್ತದೆ. ಅಪ್ಪ, ಅಡುಗೆಯ ಭಟ್ಟರು, ತ್ರ್ಯಂಬಕೇಶ್ವರಕ್ಕೆ "ಇನ್ನೊಂದೇ ಸೀಟು" ಎಂದು ಅರ್ಧ ತಾಸು ಕೂಗುವ ಜೀಪಿನವನು, ಎಲ್ಲರೂ ನನ್ನ ಗಂಟಲಿನಲ್ಲಿ ಬಿಡಾರ ಹೂಡಿದ್ದಾರೆ. ಗೇಮುಗಳ ಬಗ್ಗೆ ನನ್ನ ಅಭಿಪ್ರಾಯಗಳನ್ನೂ ಇವರ ದನಿಯಲ್ಲೇ ರೆಕಾರ್ಡ್ ಮಾಡಿ ಬಂಧುಗಳ ವಾಟ್ಸಾಪ್ ಗುಂಪಿಗೆ ಕಳಿಸುತ್ತಿದ್ದೆ. ನನ್ನ ಸ್ವಂತ ದನಿಯಲ್ಲಿ ಹೇಳಹೊರಟರೆ, ಯಾಕೋ ಗೊತ್ತಿಲ್ಲ, ಅಭಿಪ್ರಾಯವೇ ಇರುತ್ತಿರಲಿಲ್ಲ.

ಆಕ್ಷನ್ ಗೇಮುಗಳ ವಿಚಾರ ಭಟ್ಟರ ಪಾಲಿಗೆ ಬಂದಿತ್ತು: "ಊರಿಗೆ ಊರೇ ಹೊತ್ತಿ ಉರೀತಾ ಉಂಟು, ಇವ ಯಾರದ್ದೋ ಮನೆಯ ಕಪಾಟು ತೆಗೆದು ಸೊಪ್ಪು ಹುಡುಕ್ತಾನೆ. ಇವ ಹೀರೋನಾ, ತರಕಾರಿಯವನಾ?" ಭಟ್ಟರ ದನಿಯಲ್ಲಿ ಹೇಳಿದರೂ ಇದು ನನ್ನ ನಿಜವಾದ ಸಂಶಯ. ಆ ಹೀರೋ ಹತ್ತು ಮಾಳಿಗೆಯ ಗೋಡೆಯನ್ನು ಬರಿಗೈಯಲ್ಲಿ ಹತ್ತುತ್ತಾನೆ, ಮೊಣಕಾಲೆತ್ತರದ ಬೇಲಿ ಬಂದರೆ ಸುತ್ತು ಹಾಕಿಕೊಂಡು ಹೋಗುತ್ತಾನೆ. ಯಾಕೆ? ಪರದೆಯ ಮೂಲೆಯಲ್ಲಿ ನಕ್ಷೆ ಇದೆ, ನಕ್ಷೆಯಲ್ಲಿ ಬಾಣದ ಗುರುತಿದೆ, ಆದರೂ ನಾನು ಹೋಗಿ ಸೇರುವುದು ಹೊರಟ ಜಾಗಕ್ಕೇ.

ಶೂಟರ್ ಗೇಮುಗಳಲ್ಲಿ ಗುಂಡು ತಗುಲಿದವನು ಗೋಡೆಯ ಮರೆಯಲ್ಲಿ ನಿಂತು ನಾಲ್ಕು ಸಲ ಏದುಸಿರು ಬಿಟ್ಟರೆ ಸಾಕು, ಗಾಯ ಮಾಯ. ಮಂಡಿನೋವಿನ ಅಮ್ಮ ಅದನ್ನು ನೋಡಿ, "ಆ ಗೋಡೆ ಎಲ್ಲಿ ಉಂಟು ಕೇಳು, ನಾನೂ ಹೋಗಿ ನಿಲ್ತೇನೆ" ಎಂದಿದ್ದರು. ನನ್ನ ಮಟ್ಟಿಗೆ ಶೂಟರ್ ಗೇಮ್ ಎಂದರೆ ಭಾನುವಾರ ಬೆಳಗಿನ ಹೋಟೆಲು: ನಾಲ್ಕೂ ಕಡೆಯಿಂದ ಕೂಗು, ಯಾರು ನಮ್ಮವರು ಯಾರು ಗಿರಾಕಿ ತಿಳಿಯುವುದಿಲ್ಲ. ನಾನು ಶತ್ರುಗಳಿಗಿಂತ ಹೆಚ್ಚಾಗಿ ಹೊಡೆದುರುಳಿಸಿದ್ದು ನಮ್ಮ ಪಕ್ಷದವರನ್ನೇ. ಆನ್‌ಲೈನಿನಲ್ಲಿ ಆಡುವ ನಮ್ಮ ತಂಡದಲ್ಲಿ ಮಾಲೇಗಾಂವ್‌ನ ಹುಡುಗನೊಬ್ಬನಿದ್ದ. ಅವನ ಮೈಕಿನಿಂದ ಪಕ್ಕದ ಮಗ್ಗಗಳ ಖಟಖಟ ಸದಾ ಕೇಳುತ್ತಿತ್ತು. ಒಮ್ಮೆ ಅವನೇ ನನ್ನನ್ನು ಗದರಿಸಿದ: "ಭಾಯ್, ತೇರೇ ಘರ್ ಮೇ ಕೌನ್ ಚಿಲ್ಲಾತಾ ಹೈ?" ನಮ್ಮ ಮನೆಯಲ್ಲಿ ಯಾರು ಕೂಗುತ್ತಾರೆ? ನಾನು ಕಿವಿಗೊಟ್ಟು ಕೇಳಿದೆ. ಯಾರೂ ಕೂಗುತ್ತಿರಲಿಲ್ಲ. ಮಗ್ಗದ ಸದ್ದಿಗೆ ಪಾಪ ಕಿವಿ ಕೆಟ್ಟಿದೆ ಎಂದುಕೊಂಡೆ.

ಇನ್ನು ಆ ಹಾರರ್ ಗೇಮು. ಪಾಳುಬಿದ್ದ ಆಸ್ಪತ್ರೆಯ ಉದ್ದ ಪಡಸಾಲೆ, ಕೊನೆಯಲ್ಲೊಂದು ಬಾಗಿಲು. ಕೈಯಲ್ಲಿ ಟಾರ್ಚು ಮಾತ್ರ. ಪಡಸಾಲೆಯ ಅರ್ಧಕ್ಕೆ ಬರುವಷ್ಟರಲ್ಲಿ ಬೆನ್ನ ಹಿಂದೆ ಉದ್ದ ಕೈಗಳ ಹೆಂಗಸೊಬ್ಬಳು ಬಂದು ಕತ್ತು ಹಿಡಿಯುತ್ತಾಳೆ. ಮೆಲ್ಲಗೆ ಹೋದರೂ ಬರುತ್ತಾಳೆ, ಓಡಿದರೂ ಬರುತ್ತಾಳೆ, ಟಾರ್ಚು ಆರಿಸಿದರೂ ಬರುತ್ತಾಳೆ. ಆಟದ ಶುರುವಿನಲ್ಲಿ ಏನೋ ಸೂಚನೆಗಳು ಬರುತ್ತವೆ. ನಾನು ಅವನ್ನು ಓದುವವನಲ್ಲ. ಅಪ್ಪನ ಉಪದೇಶವನ್ನು ದಾಟಿಸಿಬಿಡುವ ಹಾಗೆಯೇ ಗುಂಡಿ ಒತ್ತಿ ಮುಂದೆ ಹೋಗುತ್ತೇನೆ. ಹೀಗೆ ದಿನಾ ಬೆಳಿಗ್ಗೆ ಮತ್ತು ಸಂಜೆ ಸತ್ತು, ಮಧ್ಯಾಹ್ನ ನಿದ್ದೆ ಮಾಡಿ, ಕೊನೆಗೊಂದು ಘನವಾದ ಅಭಿಪ್ರಾಯಕ್ಕೆ ಬಂದೆ: ಈ ಬಾಗಿಲು ದಾಟಲಿಕ್ಕಾಗಿ ಇರುವುದೇ ಅಲ್ಲ. ಮನುಷ್ಯ ಎಷ್ಟೇ ಹೆಣಗಿದರೂ ದಾಟಲಾಗದ ಬಾಗಿಲೊಂದು ಇರುತ್ತದೆ ಎಂಬುದೇ ಈ ಗೇಮಿನ ಸಂದೇಶ. ಇದನ್ನು ಪ್ರವಚನಕಾರರ ದನಿಯಲ್ಲಿ ಗುಂಪಿಗೆ ಕಳಿಸಿದೆ. ಚಿಕ್ಕಮ್ಮನೊಬ್ಬರು ಕೈ ಮುಗಿದ ಚಿಹ್ನೆ ಹಾಕಿದರು.

ಅದನ್ನು ನಂಬಿದವಳು ಸಂಭಾಜಿನಗರದ ನನ್ನ ಸೋದರಮಾವನ ಮಗಳು. ಮಾವನದ್ದೂ ಅಲ್ಲಿ ಹೋಟೆಲು. ಅಡುಗೆಮನೆಗೆ ಒತ್ತಿಕೊಂಡು ಹಿಂದೊಂದು ಕೋಣೆ ಖಾಲಿಯಿತ್ತು; ನಡುವಿನ ಗೋಡೆಯಲ್ಲಿ ತಟ್ಟೆ ದಾಟಿಸುವ ಒಂದು ಕಿಟಕಿ. ಆ ಕೋಣೆಯಲ್ಲಿ ಗೇಮ್ ಪಾರ್ಲರ್ ಮಾಡುತ್ತೇನೆಂದು ಅವಳು ವರ್ಷವಿಡೀ ಹಟ ಹಿಡಿದು ಮಾವನನ್ನು ಒಪ್ಪಿಸಿದ್ದಳು. ಮಾವನ ಷರತ್ತು ಒಂದೇ: ಗಣೇಶ ಚೌತಿಯೊಳಗೆ ಕೋಣೆಯಲ್ಲಿ ಜನ ಕಾಣಬೇಕು, ಇಲ್ಲದಿದ್ದರೆ ಅಲ್ಲಿ ಏಸಿ ಹಾಕಿ ಫ್ಯಾಮಿಲಿ ಸೆಕ್ಷನ್. ಆಮೇಲೆ ಅವಳು ಗಲ್ಲೆಯಲ್ಲಿ ಕೂರಬೇಕು, ಗೇಮಿನ ಮಾತು ಎತ್ತಬಾರದು.

"ಭಾವ, ದೊಡ್ಡ ಟಿವಿಗೆ ಯಾವ ಗೇಮ್ ಹಾಕ್ಲಿ? ನೀನು ಇಷ್ಟೆಲ್ಲ ಆಡಿದವ," ಎಂದು ಫೋನು ಮಾಡಿದಳು.

ಇಷ್ಟೆಲ್ಲ ಸತ್ತವ ಎಂದು ಹೇಳಬಹುದಿತ್ತು. "ಆ ಹಾರರ್ ಹಾಕು. ಒಂದ್ಸಲ ಕೂತವ ಏಳುವುದಿಲ್ಲ," ಎಂದೆ.

ಹದಿನೈದೇ ದಿನಕ್ಕೆ ಮತ್ತೆ ಫೋನು. "ಭಾವ, ಕೂತವರೆಲ್ಲ ಎದ್ದು ಹೋಗ್ತಾ ಇದ್ದಾರೆ."

ಸಂಭಾಜಿನಗರದ ಬಸ್ಸು ಹಿಡಿದು ಹೋದೆ. ಹೋದವನಿಗೆ ಗೊಂದಲ ಬಗೆಹರಿಯುವ ಬದಲು ಇಮ್ಮಡಿಯಾಯಿತು. ಸಂಜೆ ಪಾಳಿ ಮುಗಿಸಿ ಬರುವ ಫ್ಯಾಕ್ಟರಿ ಹುಡುಗರು ಒಬ್ಬೊಬ್ಬರಾಗಿ ಕೂರುತ್ತಿದ್ದರು, ಪಡಸಾಲೆಯ ಅರ್ಧದಲ್ಲೇ ಸಾಯುತ್ತಿದ್ದರು, "ಕಾಯ್ ಫಾಲ್ತು ಗೇಮ್ ಆಹೇ", ಎಂಥ ದಂಡದ ಗೇಮು, ಎಂದು ಕಂಟ್ರೋಲರ್ ಇಟ್ಟು ಹೋಗುತ್ತಿದ್ದರು. ಆದರೆ ಮಾವನ ಮಗಳು ಹೇಳುವುದೇ ಬೇರೆ.

"ನಾನು ನಿತ್ಯ ಮಧ್ಯಾಹ್ನ ಆಡ್ತೇನೆ. ಬಾಗಿಲು ದಾಟಿ ಮೂರು ವಾರ್ಡ್ ನೋಡಿ ಆಯ್ತು. ನನಗೆ ಅವಳು ಬರುವುದೇ ಇಲ್ಲ."

"ಬರುವುದೇ ಇಲ್ಲ ಅಂದ್ರೆ?"

"ಬರುವುದಿಲ್ಲ ಅಂದ್ರೆ ಬರುವುದಿಲ್ಲ. ದೂರದಲ್ಲಿ ನಿಂತು ಗೋಡೆ ಕೆರೀತಾಳೆ. ನಿನಗೆ ಬಾಗಿಲ ಆಚೆದ್ದು ಗೊತ್ತುಂಟಲ್ಲ, ಆ ಮೂರನೇ ವಾರ್ಡಿನಲ್ಲಿ..."

"ಹೇಳ್ಬೇಡ, ಮಜಾ ಹೋಗ್ತದೆ," ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಅವಳಿಗೆ ಅಲ್ಲಿಗೇ ಅರ್ಥವಾಗಿರಬೇಕು.

ಮರುದಿನ ಮಧ್ಯಾಹ್ನ, ಊಟದ ಗದ್ದಲ ಮುಗಿದು ಅಡುಗೆಮನೆ ಮಲಗಿದ ಹೊತ್ತಿಗೆ, ನನ್ನನ್ನು ಟಿವಿಯ ಮುಂದೆ ಕೂರಿಸಿದಳು. ಮಾವನೂ ಅದೇ ಹೊತ್ತಿಗೆ ಏಸಿಯವನನ್ನು ಕರೆದುಕೊಂಡು ಟೇಪು ಹಿಡಿದು ಗೋಡೆ ಅಳೆಯಲು ಬಂದರು. ಚೌತಿ ಹತ್ತಿರವಾಗಿತ್ತು. ಅವಳ ಕಣ್ಣು ಟಿವಿಯ ಮೇಲಿರಲಿಲ್ಲ, ಟೇಪಿನ ಮೇಲಿತ್ತು.

ಎಲ್ಲರೂ ನೋಡುತ್ತಿದ್ದಾರೆಂದು ನಾನು ಉಸಿರು ಬಿಗಿಹಿಡಿದು ನಡೆದೆ. ಪಡಸಾಲೆಯ ಅರ್ಧ ಕಳೆಯಿತು. ಮುಕ್ಕಾಲು ಕಳೆಯಿತು. ಹೆಂಗಸು ನಿಜಕ್ಕೂ ದೂರದಲ್ಲಿ ನಿಂತು ಗೋಡೆ ಕೆರೆಯುತ್ತಿದ್ದಳು. ಹಿಂದೆಂದೂ ನಾನು ಇಷ್ಟು ಮುಂದೆ ಬಂದವನಲ್ಲ. ಈ ಅಪಾರ ಯಶಸ್ಸನ್ನು ತಾಳಲಾರದೆ ನನ್ನ ಬಾಯಿ ತನ್ನ ಕೆಲಸ ಶುರುಮಾಡಿತು. ಮಾವನ ಹೋಟೆಲಿನ ಸಪ್ಲೈಯರ್ ವಿಜಯಪುರದ ಕಡೆಯವರು. ಬೀದಿಯ ತುದಿಗೂ ಕೇಳುವ ದನಿ. ಆ ದನಿ ತೆಗೆದು ಕೂಗಿದೆ: "ಎರಡ್ ಮಸಾಲಾ, ಒಂದ್ ಉತ್ತಪ್ಪಾ, ಚಾ ತೀನ್!"

ಗೋಡೆ ಕೆರೆಯುತ್ತಿದ್ದವಳು ಗಕ್ಕನೆ ತಿರುಗಿ ಓಡಿಬಂದು ನನ್ನ ಕತ್ತು ಹಿಡಿದಳು.

ಮಾವ ಟೇಪು ಹಿಡಿದೇ ಹತ್ತಿರ ಬಂದರು. "ಮತ್ತೊಂದ್ಸಲ ಮಾಡು." ಮತ್ತೊಂದು ಸಲ ಆಟ ಶುರುಮಾಡಿದೆ. ಈ ಸಲ ಮಾವನೇ ಕೆಮ್ಮಿದರು. ಆ ಹೆಂಗಸು ಮತ್ತೆ ಓಡಿಬಂದಳು.

"ಮಾತಾಡಿದ್ರೆ ಬರ್ತದಾ ಈ ಭೂತ?" ಎಂದು ನಾನು ಬಾಯಿ ತೆರೆದೆ.

"ಭೂತ ಅನ್ಬೇಡ," ಮಾವ ಗದರಿದರು. "ನಮ್ಮ ಊರಲ್ಲಿ ಭೂತ ಅಂದ್ರೆ ದೈವ, ಕೈ ಮುಗೀತೇವೆ. ಇದು ಯಾವುದೋ ಪಿಶಾಚಿ."

ಅಷ್ಟರಲ್ಲಿ ಮಾವನ ಮಗಳು ನಾನು ಎಂದೂ ಓದದ ಮೊದಲ ಸೂಚನೆಯನ್ನು ಪರದೆಗೆ ತಂದಿದ್ದಳು. ಕಂಟ್ರೋಲರಿನೊಳಗೆ ಮೈಕ್ ಇದೆ, ಸದ್ದು ಮಾಡಬೇಡಿ, ಅವಳಿಗೆ ಕೇಳಿಸುತ್ತದೆ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಸಂಜೆ ಹೊತ್ತು ಕಿಟಕಿಯಾಚೆಯಿಂದ ಒಂದೇ ಸಮನೆ ಬರುವ ಮಸಾಲಾ, ಉತ್ತಪ್ಪಾಗಳೆಲ್ಲ ನೇರವಾಗಿ ಆ ಪಿಶಾಚಿಯ ಕಿವಿಗೆ ಹೋಗುತ್ತಿದ್ದವು. ನಮ್ಮ ಯಾರ ಕಿವಿಗೂ ಅದು ಕೂಗು ಎಂದೇ ಅನ್ನಿಸಿರಲಿಲ್ಲ. ಹೋಟೆಲಿನಲ್ಲಿ ಹುಟ್ಟಿದವರಿಗೆ ಆರ್ಡರ್ ಕೇಳಿಸುವುದು ನಿಂತಾಗ ಮಾತ್ರ. ಮಾಲೇಗಾಂವ್‌ನ ಹುಡುಗನಿಗೆ ಕಿವಿ ಕೆಟ್ಟಿರಲಿಲ್ಲ ಎಂಬುದು ಅಲ್ಲಿ ಕೂತು ಹೊಳೆಯಿತು. ನಾಸಿಕ್‌ನಲ್ಲಿ ನನ್ನನ್ನು ಇಷ್ಟು ಸಲ ಕೊಂದದ್ದು ನಮ್ಮ ಮನೆಯ ಇಡ್ಲಿ ವಡೆ. ಮನುಷ್ಯ ದಾಟಲಾರದ ಬಾಗಿಲು ಎಂದು ನಾನು ಪ್ರವಚನ ಮಾಡಿದ್ದು ಇದರ ಮೇಲೆ.

"ಮಾಣಿಗಳಿಗೆ ಮೆಲ್ಲಗೆ ಕೂಗ್ಲಿಕ್ಕೆ ಹೇಳಿ ಅಪ್ಪ," ಎಂದಳು ಮಾವನ ಮಗಳು.

"ಪಿಶಾಚಿಗೆ ಹೆದರಿ ನನ್ನ ಹೋಟೆಲಿನಲ್ಲಿ ಪಿಸುಮಾತಿನ ಆರ್ಡರಾ? ಆಗುವುದಿಲ್ಲ."

ಅವಳು ಮೈಕ್ ಬಂದ್ ಮಾಡಿದಳು. ನಾನು ಜೀವಮಾನದಲ್ಲಿ ಮೊದಲ ಸಲ ಬಾಗಿಲು ದಾಟಿದೆ. ಆಚೆಗೆ ಇನ್ನೊಂದು ಪಡಸಾಲೆ, ಅದರ ಕೊನೆಗೆ ಇನ್ನೊಂದು ಬಾಗಿಲು. ಹೆದರಿಕೆಯಂತೂ ಒಂದಿಷ್ಟೂ ಆಗಲಿಲ್ಲ. ಹಾಗಾದರೆ ಇಷ್ಟು ಕಾಲ ನಾನು ಹೆದರಿದ್ದು ಆಟಕ್ಕೋ, ಅಡುಗೆಮನೆಗೋ? ಈಗಲೂ ನನಗೆ ಸರಿಯಾಗಿ ಗೊತ್ತಿಲ್ಲ.

ಸಂಜೆಯ ಹುಡುಗರಿಗೂ ಹಾಗೇ ಆಯಿತು. ಎಲ್ಲರೂ ಬಾಗಿಲು ದಾಟಿದರು, ಎಲ್ಲರೂ ಆಕಳಿಸಿದರು. ಕೋಣೆ ಖಾಲಿಯಾಗುವುದರಲ್ಲಿತ್ತು. ಮಾವನ ಮಗಳು ಸೋತ ಮುಖದಲ್ಲಿ, ನಿನ್ನೆಯವರೆಗೆ ಹೀಗಾಗುತ್ತಿತ್ತು ಎಂದು ಮೈಕಿನ ಕತೆ ಹೇಳಿದಳು. ಒಬ್ಬ ಹುಡುಗ ತಟ್ಟನೆ ಎದ್ದು ಕೂತು, ಮೈಕ್ ಚಾಲೂ ಮಾಡಿ ಎಂದ. ಗೆಳೆಯ ಉಸಿರು ಹಿಡಿದು ಪಡಸಾಲೆಯಲ್ಲಿ ನಡೆಯುತ್ತಿದ್ದಾಗ, ಇವನು ಹಿಂದಿನಿಂದ "ಏಕ್ ಮಸಾಲಾ!" ಎಂದು ಕಿರುಚಿದ. "ಆಲೀ ರೇ ಆಲೀ!" ಬಂದಳೋ ಬಂದಳು ಎಂದು ಕೋಣೆಯೆಲ್ಲ ಕುಣಿಯಿತು. ಸತ್ತವನು ಕಂಟ್ರೋಲರ್ ಗೆಳೆಯನ ಕೈಗಿಟ್ಟು, ಸೇಡಿಗೆ ತಾನು "ದೋನ್ ಮಸಾಲಾ!" ಎಂದ.

ಸ್ವಲ್ಪ ಹೊತ್ತಿಗೆ ವಿಜಯಪುರದ ಸಪ್ಲೈಯರ್ ಕೈತುಂಬ ತಟ್ಟೆ ಹೊತ್ತು ಬಂದರು. "ಯಾರ್ದ್ರೀ ಇವು ಮಸಾಲಿ ದೋಸಿ?"

ಹುಡುಗರು ಮುಖ ಮುಖ ನೋಡಿಕೊಂಡರು. ಯಾರೂ ದೋಸೆ ಕೇಳಿರಲಿಲ್ಲ.

"ಈ ಕಿಟಕಿಯಿಂದ ಆರ್ಡರ್ ಬಂತ್ರೀ, ನಾ ತಂದೀನಿ. ಇನ್ನ ಯಾರರೆ ತಿನ್ರಿ."

ತಿಂದರು. ಮರುದಿನ ಇನ್ನಷ್ಟು ಗೆಳೆಯರನ್ನು ಕರೆತಂದರು. ಕೂಗಿ ಕೊಂದವನು ದೋಸೆ ತಿನ್ನಿಸಬೇಕು ಎಂದು ಅವರವರೇ ನಿಯಮ ಮಾಡಿಕೊಂಡರು. ಮಾವ ಮೂರು ಸಲ ಕಿಟಕಿಯಿಂದ ಇಣುಕಿ ನೋಡಿದರು. ಒಳಗೆ ಅಷ್ಟು ಜನ, ಅಷ್ಟು ದೋಸೆ, ಟಿವಿಯಲ್ಲಿ ಕತ್ತು ಹಿಡಿಯುವ ಹೆಂಗಸು: ಇದರಲ್ಲಿ ಯಾವುದು ಯಾವುದಕ್ಕೆ ಕಾರಣ ಎಂದು ಅವರಿಗೆ ತಿಳಿದಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಕತ್ತಲಾಗುವ ಮೊದಲೇ ದೋಸೆ ಹಿಟ್ಟಿನ ಪಾತ್ರೆಯ ತಳ ಕಂಡಿತು. ಮಾವ ಏಸಿಯವನಿಗೆ ಫೋನು ಮಾಡಿ, "ಫ್ಯಾಮಿಲಿ ಸೆಕ್ಷನ್ ಮಾಳಿಗೆಯಲ್ಲಿ ಮಾಡುವ, ಹಿಂದಿನ ಕೋಣೆ ಹಾಗೇ ಇರಲಿ" ಎಂದರು. ಗಲ್ಲೆಯ ಪಕ್ಕ ನಿಂತಿದ್ದ ಮಾವನ ಮಗಳು ಟೇಪನ್ನು ಸುತ್ತಿ ಡ್ರಾಯರಿನೊಳಗೆ ಹಾಕಿ ಬೀಗ ತಿರುಗಿಸಿದಳು.

ನಾನು ಬಿಡುವವನಾ? ಕೋಣೆಯ ನಡುವೆ ನಿಂತು, ಮಾವನ ಎದುರಿಗೇ ಮಾವನ ದನಿ ತೆಗೆದು ಶುರುಮಾಡಿದೆ: "ನೋಡಿದ್ರಾ ಮಾವ? ಈ ಗೇಮೇ ಹಾಕಿ ಅಂತ ಹೇಳಿದವ ಯಾರು? ಹಾರರ್ ಬಗ್ಗೆ ನನ್ನ ಅಭಿಪ್ರಾಯ ಎಂತ ಅಂದ್ರೆ..."

ಟಿವಿಯಲ್ಲಿ ಗೋಡೆ ಕೆರೆಯುತ್ತಿದ್ದವಳು ಆಗಲೇ ಈ ಕಡೆ ತಿರುಗಿದ್ದಳು. ಮಾವ ನನ್ನ ರಟ್ಟೆ ಹಿಡಿದು ಬಾಗಿಲ ಕಡೆ ನಡೆಸಿದರು.

"ಅಭಿಪ್ರಾಯ ಇದ್ರೆ ರಸ್ತೆಯಲ್ಲಿ ನಿಂತು ಹೇಳು ಮಾರಾಯ. ಇಲ್ಲಿ ನೀನು ಬಾಯಿ ಬಿಟ್ರೆ ಅವಳು ಬರ್ತಾಳೆ, ಅವಳು ಬಂದ್ರೆ ಇವರು ನಿನ್ನ ಲೆಕ್ಕದಲ್ಲಿ ಮಸಾಲಾ ಅಂತಾರೆ. ಹಿಟ್ಟು ಆಗ್ಲೇ ಖಾಲಿ."