ಹದಿಮೂರನೆಯವನನ್ನೂ ಆಡಿಸಿದವರು

ಸರ್ ಅವರ ಎಡಗಾಲಿನ ಕ್ಯಾನ್ವಾಸ್ ಶೂವಿಗೆ ಮುಂದೊಂದು ತೂತಿತ್ತು. ಹರಿದದ್ದಲ್ಲ, ಬ್ಲೇಡಿನಿಂದ ಅವರೇ ಕತ್ತರಿಸಿದ್ದು. ಯಾವ ಕಾಲದಲ್ಲೋ ಆಡುವಾಗ ಮುರಿದ ಹೆಬ್ಬೆರಳು ಸೊಟ್ಟಗೆ ಕೂಡಿಕೊಂಡು ಯಾವ ಶೂವಿನೊಳಗೂ ಹಿಡಿಸುತ್ತಿರಲಿಲ್ಲ. ಪಂದ್ಯ ನಡೆಯುವಾಗ ಗೆರೆಯಾಚೆ ನಿಂತ ಅವರ ಮುಖದಲ್ಲಿ ಏನೂ ಕಾಣಿಸುತ್ತಿರಲಿಲ್ಲ. ಆ ಬೆರಳು ಮಾತ್ರ ಮೇಲೆ ಕೆಳಗೆ ಆಡುತ್ತಿತ್ತು. ಅವರ ಮನಸ್ಸು ತಿಳಿಯಬೇಕಾದರೆ ನಾವು ನೋಡುತ್ತಿದ್ದದ್ದು ಅದನ್ನೇ.

ಠಾಣೆಯ ನಮ್ಮ ಕಾಲೇಜಿಗೆ ಅವರು ಫುಟ್‌ಬಾಲ್ ಕೋಚ್. ಮಂಗಳೂರು ಕಡೆಯವರು. ಫ್ಯಾಕ್ಟರಿಯಲ್ಲಿ ಫಸ್ಟ್ ಶಿಫ್ಟ್ ಮುಗಿಸಿ ಸಂಜೆ ನಾಲ್ಕಕ್ಕೆ ಮೈದಾನಕ್ಕೆ ಬರುತ್ತಿದ್ದರು. ಎಂಬತ್ತರ ದಶಕದ ಮೊದಲಲ್ಲಿ ನಾನು ತಂಡ ಸೇರುವ ಹೊತ್ತಿಗೆ ಅವರು ಕೋಚ್ ಆಗಿ ಹನ್ನೆರಡು ವರ್ಷವಾಗಿತ್ತು. ಕಾಲೇಜಿಗೆ ಒಂದು ಕಪ್ಪೂ ಬಂದಿರಲಿಲ್ಲ.

ನಮ್ಮ ಮನೆಯಿದ್ದ ಡೊಂಬಿವಲಿಯಿಂದ ಠಾಣೆಗೆ ಹೋಗುವ ಬೆಳಗಿನ ಲೋಕಲ್ ರೈಲಿನಲ್ಲಿ ದಿನವೂ ಇದೇ ಚರ್ಚೆ. ಅದಕ್ಕೆ ಮುಂದಾಳು ನಮ್ಮ ಬಿಲ್ಡಿಂಗಿನ ಕಾಕಾ. ವಿಜಯಪುರದವರು, ಬ್ಯಾಂಕಿನ ಗುಮಾಸ್ತ, ಅದೇ ಕಾಲೇಜಿನ ಹಳೆಯ ವಿದ್ಯಾರ್ಥಿ. ಅವರಿಗೆ ಮೈಯೆಲ್ಲ ಉರಿಯುತ್ತಿದ್ದದ್ದು ಸರ್ ಅವರ ಒಂದು ಪದ್ಧತಿಯಿಂದ. ಆಗ ಪಂದ್ಯದಲ್ಲಿ ಇಬ್ಬರು ಆಟಗಾರರನ್ನು ಬದಲಿಸಬಹುದಿತ್ತು. ಸರ್ ಸರಿಯಾಗಿ ಹದಿಮೂರು ಜನರನ್ನೇ ಕರೆದೊಯ್ಯುತ್ತಿದ್ದರು. ಗೆಲ್ಲಲಿ ಸೋಲಲಿ, ಹದಿಮೂರೂ ಜನರನ್ನು ಆಡಿಸುತ್ತಿದ್ದರು. "ಆಡಿಸ್ಲಿಕ್ಕೆ ಅಂತ ಕರ್ಕೊಂಡು ಬಂದದ್ದಲ್ವಾ?" ಎನ್ನುತ್ತಿದ್ದರು, ಅಷ್ಟೆ.

"ಈ ಮನಶ್ಯಾ ಕಪ್ ತರಾಕ ಹೋಗ್ತಾನೋ, ಪಂಕ್ತಿಗೆ ಬಡಸಾಕ ಹೋಗ್ತಾನೋ?" ಎಂದು ಕಾಕಾ ಕೇಳುವರು. ಇಡೀ ರೈಲುಡಬ್ಬಿ ನಗುವುದು. ತಂಡದ ಹದಿಮೂರನೆಯವನಾದ ನಾನೂ ನಗುತ್ತಿದ್ದೆ.

ಆ ವರ್ಷ ಫೈನಲ್ ತಲುಪಿದೆವು. ಪಂದ್ಯ ಕಲ್ಯಾಣದಲ್ಲಿ, ರೈಲು ಹಳಿಯ ಪಕ್ಕದ ಮೈದಾನದಲ್ಲಿ. ಇಬ್ಬರದೂ ಒಂದೊಂದು ಗೋಲು, ಉಳಿದದ್ದು ಹತ್ತು ನಿಮಿಷ. ಸರ್ ನಮ್ಮ ಒಳ್ಳೆಯ ಡಿಫೆಂಡರ್‌ನನ್ನು ಹೊರಗೆ ಕರೆದು ನನ್ನನ್ನು ಇಳಿಸಿದರು. ಎದುರಾಳಿ ಚೆಂಡು ತಳ್ಳಿಕೊಂಡು ನನ್ನತ್ತ ಬರುತ್ತಿದ್ದಾಗಲೇ ಹಳಿಯ ಕಡೆಯಿಂದ ಹಾರ್ನ್ ಕೇಳಿಸಿತು. ಡೊಂಬಿವಲಿಯಲ್ಲಿ ಬೆಳೆದವರಿಗೆ ಗಾಡಿ ಬಂದರೆ ಅದು ದೊಡ್ಡ ಸ್ಟೇಶನ್ನುಗಳಲ್ಲಷ್ಟೇ ನಿಲ್ಲುವ ಫಾಸ್ಟೋ, ಎಲ್ಲೆಡೆ ನಿಲ್ಲುವ ಸ್ಲೋವೋ ಎಂದು ನೋಡದೆ ಇರಲಾಗುವುದಿಲ್ಲ. ನೋಡಿದೆ. ಅಷ್ಟರಲ್ಲಿ ಚೆಂಡು ನನ್ನ ಬಲಗಡೆಯಿಂದ ದಾಟಿ ಗೋಲಿನೊಳಗಿತ್ತು.

ಎದುರಾಳಿ ಓಟದಲ್ಲಿ ನನ್ನನ್ನು ಮೀರಿಸಿದ ಎಂದೇ ಎಲ್ಲರೂ ತಿಳಿದರು. ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲಿ ಸರ್ ನನ್ನ ಪಕ್ಕ ಬಂದು ಕುಳಿತರು.

"ಸರ್, ನಾನು ಗಾಡಿ ನೋಡಿದೆ," ಎಂದೆ.

"ಗೊತ್ತುಂಟು ಮಾರಾಯ. ಫಾಸ್ಟಾ, ಸ್ಲೋವಾ?"

"ಸ್ಲೋ."

"ಛೆ! ಸ್ಲೋ ಗಾಡಿಗೆ ಗೋಲು ಬಿಟ್ಟದ್ದಾ?" ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿ, "ಯಾರ ಹತ್ರವೂ ಹೇಳ್ಲಿಕ್ಕೆ ಹೋಗ್ಬೇಡ. ನಿನ್ನನ್ನು ಇಳಿಸಿದ್ದು ನಾನು. ಕೇಳುವವರು ನನ್ನನ್ನೇ ಕೇಳಲಿ," ಎಂದರು. ನನಗೆ ಹಾಯೆನಿಸಿತು. ಹಾಗೆ ಅನಿಸಿದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

ಸೋಮವಾರ ಕಾಕಾ ಒಂದು ಅರ್ಜಿ ಬರೆದುಕೊಂಡೇ ಗಾಡಿ ಹತ್ತಿದ್ದರು: ಕೋಚ್ ಬದಲಾಗಬೇಕು. ಪ್ರಿನ್ಸಿಪಾಲರಿಗೂ ಅಷ್ಟೇ ಬೇಕಿತ್ತು ಎಂಬ ಸುದ್ದಿಯಿತ್ತು. ಕಾಗದ ತೊಡೆಯಿಂದ ತೊಡೆಗೆ ಸಾಗಿ, ಹಳೆಯ ವಿದ್ಯಾರ್ಥಿಗಳ ಸಹಿ ಹೊತ್ತು ನನ್ನ ಬಳಿ ಬಂತು.

"ಹಾಕಲೋ ಸಹಿ. ಆಡಿದಾಂವ ನೀನು, ನಿನ್ನ ಮಾತಿಗೆ ತೂಕ ಐತಿ."

ಪೆನ್ನು ಕೈಯಲ್ಲಿತ್ತು. "ಆ ಗೋಲು ನನ್ನ ತಪ್ಪು ಕಾಕಾ," ಎಂದೆ. "ಎದುರಿನಾಂವ ಏನ ಜೋರಾಗಿ ಓಡಲಿಲ್ಲ. ಗಾಡಿ ಬಂತಂತ ನಾನ ಆ ಕಡೆ ನೋಡಿದೆ. ಸರ್‌ಗೆ ಗೊತ್ತೈತಿ, ಯಾರಿಗೂ ಹೇಳಬ್ಯಾಡ ಅಂದಾರ."

ಕಾಕಾ ನನ್ನನ್ನೇ ದಿಟ್ಟಿಸಿದರು. ದಿವಾ ಸ್ಟೇಶನ್ ದಾಟಿದ ಮೇಲೆ ಮೆಲ್ಲಗೆ ಕೇಳಿದರು:

"ಫಾಸ್ಟ್ ಇತ್ತೋ, ಸ್ಲೋ ಇತ್ತೋ?"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಆಡುವಾಗ ಗಾಡಿ ಯಾಕೆ ನೋಡಿದೆ ಎಂದು ಅಲ್ಲಿ ಒಬ್ಬರೂ ಕೇಳಲಿಲ್ಲ. ಕಾಕಾ ಕಾಗದ ಮಡಚಿ ಟಿಫಿನ್ ಚೀಲಕ್ಕೆ ತುರುಕಿದರು. "ಇರ್ಲಿ, ಇನ್ನೊಂದ ವರ್ಷ ನೋಡೂಣು. ಆದರ ಆ ಹದಿಮೂರರ ಹುಚ್ಚು ಬಿಡು ಅಂತ ಹೇಳು ನಿಮ್ಮ ಸರ್‌ಗೆ."

ಸರ್ ಬಿಡಲಿಲ್ಲ. ಮರುವರ್ಷ ಸೆಮಿಫೈನಲ್, ಅದೇ ಮೈದಾನ. ಒಂದು ಗೋಲಿನಿಂದ ಮುಂದಿದ್ದೆವು, ಹತ್ತು ನಿಮಿಷ ಉಳಿದಿತ್ತು, ಮತ್ತೆ ನನ್ನನ್ನೇ ಕರೆದರು. ಚೆಂಡು ನನ್ನತ್ತ ಬರುವ ಹೊತ್ತಿಗೇ ಹಾಳಾದ ಹಾರ್ನ್ ಮತ್ತೆ ಕೇಳಿಸಿತು. ಕತ್ತು ಇನ್ನೇನು ಹೊರಳಬೇಕು, ಅಷ್ಟರಲ್ಲಿ ಗೆರೆಯಾಚೆಯಿಂದ ಸರ್ ಕೂಗಿದರು:

"ಸ್ಲೋ! ಸ್ಲೋ ಗಾಡಿ ಅದು! ಬಾಲ್ ನೋಡು ಮಾರಾಯ!"

ಚೆಂಡು ನೋಡಿದೆ, ತಡೆದೆ. ಗೆದ್ದೆವು. ಫೈನಲ್‌ನಲ್ಲಿ ಸೋತು ಕಾಕಾನಿಗೆ ಇನ್ನೊಂದು ವರ್ಷಕ್ಕಾಗುವಷ್ಟು ಮಾತು ಒದಗಿಸಿದೆವು. ಅರ್ಜಿ ಮಾತ್ರ ಮತ್ತೆ ಚೀಲದಿಂದ ಹೊರಬರಲಿಲ್ಲ.

ಕಪ್ಪಿಲ್ಲದೆಯೇ ಸರ್ ನಿವೃತ್ತರಾದರು, ಕೆಲವು ವರ್ಷಗಳ ಮೇಲೆ ತೀರಿಕೊಂಡರು. ಮಣ್ಣಿಗೆ ಹೋಗಿ ಬರುವಾಗ ಗಾಡಿಯಲ್ಲಿ ಕಾಕಾ ಅಭ್ಯಾಸಬಲದಿಂದ, "ಒಂದೂ ಕಪ್ ಇಲ್ಲ ನೋಡು," ಎಂದರು. ಆಮೇಲೆ ಅವರೇ, "ಆದರ ಅವನ ಸಂಗಾಟ ಹೋದಾಂವ ಒಬ್ಬನೂ ಆಡದ ತಿರುಗಿ ಬರಲಿಲ್ಲ," ಎಂದರು. ನಾನು ಅಲ್ಲೇ, ಎಲ್ಲರೆದುರು ಅತ್ತುಬಿಟ್ಟೆ.

ಈಗ ಭಾನುವಾರಗಳಂದು ಕೋಪರಖೈರಣೆಯ ಮಕ್ಕಳಿಗೆ ನಾನು ಆಟ ಕಲಿಸುತ್ತೇನೆ. ಹದಿಮೂರು ಮಕ್ಕಳನ್ನೇ ಕರೆದೊಯ್ಯುತ್ತೇನೆ, ಹದಿಮೂರನ್ನೂ ಆಡಿಸುತ್ತೇನೆ. ಕಪ್ ಇನ್ನೂ ಬಂದಿಲ್ಲ, ಬರುತ್ತದೆ. ಕೊನೆಯ ಹತ್ತು ನಿಮಿಷಕ್ಕೆ ಹದಿಮೂರನೆಯ ಮಗುವನ್ನು ಇಳಿಸಿದಾಗ ಹಿಂದೆ ನಿಂತ ತಂದೆಯರು ನನ್ನನ್ನು ಬೈಯತೊಡಗುತ್ತಾರೆ. ನನ್ನ ಮುಖದಲ್ಲಿ ಏನೂ ಕಾಣಿಸುವುದಿಲ್ಲವಂತೆ. ಶೂವಿನೊಳಗೆ ಹೆಬ್ಬೆರಳು ಮೇಲೆ ಕೆಳಗೆ ಆಡುತ್ತಿರುತ್ತದೆ.